ಗಾಳಿಗೊಬ್ಬ ಸಾಕ್ಷಿ

ಶ್ರೀರಂಗಪಟ್ಟಣದಲ್ಲಿ ಸಂಜೆಯ ದೀಪ ಹಚ್ಚುವುದಕ್ಕೂ ಮನೆಯ ಕಿಟಕಿಗಳನ್ನು ಮುಚ್ಚುವುದಕ್ಕೂ ಒಂದೇ ಮುಹೂರ್ತ. ಸುತ್ತಲೂ ಕಾವೇರಿ, ಅದರಾಚೆ ನಾಲೆ, ನಾಲೆಯಾಚೆ ಗದ್ದೆ. ಸೊಳ್ಳೆಗಳಿಗೆ ಇದಕ್ಕಿಂತ ಮಿಗಿಲಾದ ಸಾಮ್ರಾಜ್ಯ ಬೇಕೆ? ನಮ್ಮ ಮನೆಯಲ್ಲಿ ಈ ಕಾರ್ಯದ ಯಜಮಾನಿಕೆ ನನ್ನ ತಾಯಿಯವರದು. ಗಡಿಯಾರ ಆರು ಹೊಡೆಯಿತೆಂದರೆ ಒಂದೊಂದಾಗಿ ಎಲ್ಲ ಕಿಟಕಿಗಳ ಚಿಲಕ ಬೀಳುತ್ತದೆ. ಕೆಲವು ವರ್ಷಗಳಿಂದ ಆ ಚಿಲಕದ ಸದ್ದು ಕೇಳಿದಾಗಲೆಲ್ಲ ನನಗೆ ಒಂದು ಬಗೆಯ ಅಳುಕು. ಅದರ ಕಾರಣವನ್ನು ಹೇಳುವ ಮುನ್ನ ವಾಚಕರನ್ನು ಎರಡು ಶತಮಾನಗಳಷ್ಟು ಹಿಂದಕ್ಕೆ ಕರೆದೊಯ್ಯಬೇಕಾಗಿದೆ.

ಟಿಪ್ಪು ಸುಲ್ತಾನರು ಮಡಿದು ಈ ಊರಿನ ಕೋಟೆ ಇಂಗ್ಲಿಷರ ಕೈಸೇರಿದ್ದು 1799ನೆಯ ಇಸವಿ ಮೇ ತಿಂಗಳ 4ರಂದು. ಗೆದ್ದವರು ಇಲ್ಲಿಯೇ ಪಾಳೆಯ ಹೂಡಿದರು. ಆದರೆ ಫಿರಂಗಿಗೆ ಬಗ್ಗಿದ ಪಟ್ಟಣ ಅವರನ್ನು ಜ್ವರದಿಂದ ಬಗ್ಗಿಸಿತು. ಸಿಪಾಯಿಗಳು ಚಳಿಜ್ವರದಿಂದ ನಡುಗುತ್ತ ಮಲಗತೊಡಗಿದರು. ಕಡೆಗೆ 1809ರಲ್ಲಿ ಸೇನಾನೆಲೆಯನ್ನು ಇಲ್ಲಿಂದ ಕಿತ್ತು ಬೆಂಗಳೂರಿಗೆ ಸಾಗಿಸಬೇಕಾಯಿತು. ಬೆಂಗಳೂರಿನ ದಂಡುಪ್ರದೇಶ ಬೆಳೆದುದರ ಹಿಂದೆ ನಮ್ಮ ಊರಿನ ಸೊಳ್ಳೆಗಳ ಪಾತ್ರವೂ ಇದೆಯೆಂದು ನಾನು ತರಗತಿಯಲ್ಲಿ ಹೇಳಿದರೆ ಹುಡುಗರು ನಗುತ್ತಾರೆ. ನಗಲಿ, ಸಂಗತಿಯಂತೂ ಸುಳ್ಳಲ್ಲ. ಆದರೆ ಆ ಕಾಲದ ವೈದ್ಯರು ಸೊಳ್ಳೆಯನ್ನು ದೂರಲಿಲ್ಲ. ಅವರು ದೂರಿದ್ದು ಗಾಳಿಯನ್ನು. ಜೌಗು ನೆಲದಿಂದಲೂ ಕೊಳೆತ ಸೊಪ್ಪುಸದೆಯಿಂದಲೂ ಏಳುವ ವಿಷದ ಗಾಳಿಯೇ ಜ್ವರಕ್ಕೆ ಮೂಲವೆಂಬುದು ಅಂದಿನ ಶಾಸ್ತ್ರ. ಮಲೇರಿಯಾ ಎಂಬ ಇಟಲಿಯ ಶಬ್ದಕ್ಕೆ ಕೆಟ್ಟ ಗಾಳಿ ಎಂದೇ ಅರ್ಥ. 1897ರ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ಸೇನಾ ವೈದ್ಯ ಸೊಳ್ಳೆಯ ಹೊಟ್ಟೆಯೊಳಗೆ ರೋಗಾಣುವನ್ನು ಕಂಡ ಮೇಲೆಯೇ ಗಾಳಿಯ ಮೇಲಿನ ಆ ಆರೋಪ ಬಿದ್ದುಹೋದದ್ದು.

ಹೀಗೆ ನಿರಪರಾಧಿಯಾಗಿ ಬಿಡುಗಡೆ ಹೊಂದಿದ ಗಾಳಿ ಮತ್ತೆ ಕಟಕಟೆಗೆ ಬಂದದ್ದು ನಮ್ಮ ಕಣ್ಣೆದುರಿಗೆ. ಆದರೆ ಈ ಸಲ ನಡೆದುದು ವಿಪರ್ಯಾಸ. ಕೋವಿಡ್ ಜಗತ್ತನ್ನೆಲ್ಲ ವ್ಯಾಪಿಸುತ್ತಿದ್ದ 2020ನೆಯ ಇಸವಿ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ ಈ ರೋಗ ಗಾಳಿಯಲ್ಲಿ ಹರಡುವಂಥದಲ್ಲವೆಂದು ಖಂಡಿತವಾಗಿ ಸಾರಿತು. ಕೆಮ್ಮಿದಾಗ ಸಿಡಿಯುವ ಹನಿಗಳು ಮೂರು ನಾಲ್ಕು ಅಡಿಗಳಲ್ಲಿ ನೆಲ ಸೇರುತ್ತವೆ, ಕೈ ತೊಳೆದುಕೊಳ್ಳಿ, ದೂರ ನಿಲ್ಲಿ ಎಂಬುದೇ ಉಪದೇಶ. ನಾವೂ ತೊಳೆದೆವು, ಕೈಯನ್ನಷ್ಟೇ ಅಲ್ಲ, ಹಾಲಿನ ಪೊಟ್ಟಣ, ತರಕಾರಿ, ಅಂಗಡಿಯವನು ಕೊಟ್ಟ ಚಿಲ್ಲರೆ ಎಲ್ಲವನ್ನೂ. ಅದೇ ವರ್ಷದ ಜುಲೈನಲ್ಲಿ ನಾನಾ ದೇಶಗಳ 239 ವಿಜ್ಞಾನಿಗಳು ಬಹಿರಂಗ ಪತ್ರ ಬರೆದು ಗಾಳಿಯನ್ನು ಅಲಕ್ಷಿಸಬೇಡಿರೆಂದು ಎಚ್ಚರಿಸಿದರು. ಸಂಸ್ಥೆ ಸಂಕೋಚವಿಲ್ಲದೆ ಆ ಮಾತನ್ನು ತನ್ನ ಬಾಯಲ್ಲಿ ಆಡಿದ್ದು 2021ರ ಡಿಸೆಂಬರಿನಲ್ಲಿ. ಅದರ ಮುಖ್ಯ ವಿಜ್ಞಾನಿಯಾಗಿದ್ದ ಸೌಮ್ಯಾ ಸ್ವಾಮಿನಾಥನ್ ಅವರು 2022ರಲ್ಲಿ ಹುದ್ದೆಯಿಂದ ಬಿಡುಗಡೆ ಹೊಂದುವಾಗ, ಇದನ್ನು ಬಹಳ ಮುಂಚೆಯೇ ಹೇಳಬೇಕಾಗಿತ್ತೆಂದು ಮನಸ್ಸು ಬಿಚ್ಚಿ ಒಪ್ಪಿಕೊಂಡರು. ತಪ್ಪಿತಸ್ಥನಲ್ಲದಾಗ ಗಾಳಿಗೆ ಶಿಕ್ಷೆಯಾಯಿತು, ತಪ್ಪಿತಸ್ಥನಾದಾಗ ಖುಲಾಸೆಯಾಯಿತು. ಎರಡು ವಿಚಾರಣೆಗಳಲ್ಲಿಯೂ ಇಲ್ಲದೆ ಹೋದವನು ಸಾಕ್ಷಿದಾರ. ಗಾಳಿಯೊಳಗೆ ಏನಿದೆಯೆಂದು ಆಗಿಂದಾಗ ನೋಡಿ ಹೇಳಬಲ್ಲವರು ಯಾರೂ ಇರಲಿಲ್ಲ.

ಇನ್ನು ಚಿಲಕದ ಮಾತಿಗೆ ಬರುತ್ತೇನೆ. ನಮ್ಮ ಮೂಲ ಕೃಷ್ಣರಾಜಪೇಟೆ ತಾಲ್ಲೂಕಿನ ಒಂದು ಹಳ್ಳಿ. ಆ ಕಡೆಯಿಂದಲೂ ನಾಗಮಂಗಲ, ಪಾಂಡವಪುರಗಳ ಕಡೆಯಿಂದಲೂ ಹೊಟ್ಟೆಪಾಡಿಗಾಗಿ ಮುಂಬಯಿಗೆ ಹೋದ ಸಂಸಾರಗಳು ಎಷ್ಟೋ ಇವೆ. 2020ರ ಮೇ ತಿಂಗಳಲ್ಲಿ ಅವರು ಗುಂಪುಗುಂಪಾಗಿ ಊರಿಗೆ ಮರಳಿದರು. ಮಂಡ್ಯ ಜಿಲ್ಲೆಯ ರೋಗಿಗಳ ಸಂಖ್ಯೆ ಥಟ್ಟನೆ ಏರಿ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಆಗಲೇ. ಹಾಗೆ ಬಂದವರಲ್ಲಿ ನನ್ನ ಚಿಕ್ಕಪ್ಪನ ಮಗನೂ ಒಬ್ಬ. ಮುಂಬಯಿಯ ಒಂದು ಹೋಟೆಲಿನಲ್ಲಿ ಒಲೆಯ ಮುಂದೆ ಹನ್ನೆರಡು ವರ್ಷ ದುಡಿದವನು. ಬಂದವರನ್ನೆಲ್ಲ ಹಳ್ಳಿಗೆ ಬಿಡದೆ ವಿದ್ಯಾರ್ಥಿನಿಲಯವೊಂದರಲ್ಲಿ ಇರಿಸಿದ್ದರು. ಮೂಗಿನಿಂದ ತೆಗೆದ ಮಾದರಿ ಎಲ್ಲಿಗೋ ಹೋಗಿತ್ತು. ಫಲಿತಾಂಶ ಇಂದು ಬರುತ್ತದೆ, ನಾಳೆ ಬರುತ್ತದೆ ಎನ್ನುತ್ತ ದಿನಗಳು ಉರುಳುತ್ತಿದ್ದವು.

ಒಂದು ರಾತ್ರಿ ಅವನು ದೂರವಾಣಿಯಲ್ಲಿ ಹೇಳಿದ: “ಅಣ್ಣಯ್ಯ, ಒಂದ್ ಕೋಣೇಲಿ ನಾಲ್ಕ್ ಜನ ಇದ್ದೀವಿ. ಒಬ್ರಿಗೆ ಕೆಮ್ಮು. ಕಿಟಕಿ ತೆಗುದ್ರೆ ಪಕ್ಕದಲ್ಲೇ ಕೆರೆ, ಸೊಳ್ಳೆ ಮುತ್ಕೊಂಡ್ಬಿಡ್ತವೆ. ಏನ್ ಮಾಡಾನ?”

“ಕಿಟಕಿ ಹಾಕ್ಕೊಳಪ್ಪ. ಅವರಿಂದ ಎರಡು ಮಾರು ದೂರ ಮಲಗು. ಕೈ ಮಾತ್ರ ಆಗಾಗ ಸೋಪು ಹಾಕಿ ತೊಳ್ಕೊ,” ಎಂದೆ.

ಓದು ಬಲ್ಲ ಅಣ್ಣನ ಮಾತು. ಅವನು ಚಾಚೂ ತಪ್ಪದೆ ಪಾಲಿಸಿದ. ಏಳನೆಯ ದಿನ ಕೆಮ್ಮುತ್ತಿದ್ದವರ ಫಲಿತಾಂಶ ಬಂತು: ಸೋಂಕು ಇದೆ. ಅಷ್ಟರಲ್ಲಿ ಇವನಿಗೂ ಜ್ವರ ಏರಿತ್ತು. ಆಸ್ಪತ್ರೆಯಿಂದ ಬದುಕಿ ಬಂದನೆನ್ನುವುದು ನಮ್ಮ ಪುಣ್ಯ. ಆದರೆ ಒಲೆಯ ಹೊಗೆಯ ಮುಂದೆ ನಿಂತು ದುಡಿಯುವ ಶಕ್ತಿ ಅವನ ಎದೆಗೆ ಮರಳಲಿಲ್ಲ, ಅವನು ಮುಂಬಯಿಗೂ ಮರಳಲಿಲ್ಲ. ರೋಗ ಅವನಿಗೆ ಆ ಕೋಣೆಯಲ್ಲೇ ತಗುಲಿತೋ ಮುಂಬಯಿಯಿಂದಲೇ ಬಂದಿತ್ತೋ ಯಾರು ಬಲ್ಲರು? ಆದರೂ ಆ ಚಿಲಕವನ್ನು ಹಾಕಿಸಿದವನು ನಾನು.

ಈ ಅಳುಕೇ ಕನ್ನಡ ಎಂ.ಎ. ಮಾಡಿದ ನನ್ನನ್ನು ಭೌತಶಾಸ್ತ್ರದ ಪುಸ್ತಕಗಳ ಕಡೆಗೆ ಎಳೆದದ್ದು. ಗಾಳಿಗೆ ಸಾಕ್ಷಿಯನ್ನು ಹುಡುಕುವ ಕೆಲಸ ಹೊಸದೇನಲ್ಲವೆಂದು ಆಗ ತಿಳಿಯಿತು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ವೆಲ್ಸ್ ಮತ್ತು ರೈಲಿ ಎಂಬ ಇಬ್ಬರು ಕ್ಷಯರೋಗಿಗಳ ವಾರ್ಡಿನ ಗಾಳಿಯನ್ನು ಕೊಳವೆಗಳ ಮೂಲಕ ಸಾಗಿಸಿ ಗೂಡುಗಳಲ್ಲಿಟ್ಟ ಗಿನಿಪಿಗ್ಗುಗಳಿಗೆ ಉಸಿರಾಡಿಸಿದರು. ಆ ಮೂಕಪ್ರಾಣಿಗಳಿಗೆ ಕ್ಷಯ ತಗುಲಿತು. ಕ್ಷಯ ಗಾಳಿಯಲ್ಲಿ ಹರಡುತ್ತದೆಂಬುದು ರುಜುವಾತಾಯಿತು. ನಮ್ಮ ಹಿರಿಯರಿಗೂ ಇಂಥ ಸಾಕ್ಷಿಯ ಪರಿಚಯವಿತ್ತು. 1898ರಿಂದ ಮೈಸೂರು ಸೀಮೆಯನ್ನು ಪ್ಲೇಗು ಕಾಡಿದಾಗ “ಇಲಿ ಬಿತ್ತು” ಎಂಬ ಎರಡು ಶಬ್ದ ಕೇಳಿದರೆ ಸಾಕು, ಊರಿಗೆ ಊರೇ ಗಂಟುಮೂಟೆ ಕಟ್ಟಿ ಹೊಲದ ಗುಡಿಸಲಿಗೆ ನಡೆಯುತ್ತಿತ್ತು. ಮನುಷ್ಯನಿಗಿಂತ ಮುಂಚೆ ಇಲಿ ಸಾಯುತ್ತಿದ್ದುದರಿಂದ ಒಂದಿಷ್ಟು ಕಾಲಾವಕಾಶ ದೊರೆಯುತ್ತಿತ್ತು. ಬದುಕುವುದಕ್ಕೆ ಬೇಕಾದದ್ದು ಆ ಅವಕಾಶ. ಕೋವಿಡ್‌ಗೆ ಅಂಥ ಇಲಿ ಇರಲಿಲ್ಲ.

ವಿಜ್ಞಾನಿಗಳು ಈಗ ಹುಡುಕುತ್ತಿರುವ ಸಾಕ್ಷಿ ಬೆಳಕು. ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಗವಾಕ್ಷಿಯಿಂದ ಇಳಿಯುವ ಬಿಸಿಲುಕೋಲಿನ ನೆನಪಿರಬೇಕು. ಬರಿದೆಂದು ತೋರುವ ಗಾಳಿಯಲ್ಲಿ ಎಷ್ಟು ಧೂಳಿದೆಯೆಂಬುದನ್ನು ಆ ಕೋಲು ಬಯಲಿಗೆಳೆಯುತ್ತದೆ. ಜಾನ್ ಟಿಂಡಾಲ್ ಎಂಬ ಭೌತವಿಜ್ಞಾನಿ 1870ರಲ್ಲಿ ಲಂಡನ್ನಿನ ಸಭಿಕರ ಮುಂದೆ ಇಂಥದೇ ಬೆಳಕಿನ ಕೋಲನ್ನು ಹಾಯಿಸಿ ತೋರಿಸಿ, ರೋಗದ ಬೀಜಗಳೂ ಈ ಧೂಳಿನ ಜೊತೆ ತೇಲುತ್ತಿರಬಹುದಲ್ಲವೆ ಎಂಬ ವಿಚಾರವನ್ನು ಮುಂದಿಟ್ಟಿದ್ದ. ಆದರೆ ಧೂಳಿನ ಕಣವೆಲ್ಲಿ, ವೈರಸ್ಸೆಲ್ಲಿ! ಕೋವಿಡ್ ವೈರಸ್ಸಿನ ಅಡ್ಡಳತೆ ಸುಮಾರು 100 ನ್ಯಾನೋಮೀಟರು. ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರಿನಲ್ಲಿ, ಎಂದರೆ ಒಂದು ರಾಗಿಯ ಕಾಳಿಗಿಂತಲೂ ಕಿರಿದಾದ ಜಾಗದಲ್ಲಿ, ಹತ್ತು ಸಾವಿರ ವೈರಸ್ಸುಗಳು ಹಿಡಿಸುತ್ತವೆ. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದವೇ 400ರಿಂದ 700 ನ್ಯಾನೋಮೀಟರು. ದೊಡ್ಡ ಅಲೆ ಸಣ್ಣ ಬೆಣಚುಕಲ್ಲನ್ನು ಗಮನಿಸದೆ ದಾಟುವಂತೆ ಬೆಳಕು ಅದನ್ನು ದಾಟಿಬಿಡುತ್ತದೆ. ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ವೈರಸ್ ಕಾಣದಿರುವುದು ಅದಕ್ಕೇ.

ನೇರವಾಗಿ ಕಾಣದುದನ್ನು ಬೇರೆ ಉಪಾಯದಿಂದ ಅರಿಯಬೇಕು. ಆ ಉಪಾಯವನ್ನು ನಾಗಮಂಗಲದ ಒಂದು ಉದಾಹರಣೆಯಿಂದ ಹೇಳುತ್ತೇನೆ. ಲೋಹದ ಎರಕಕ್ಕೆ ಹೆಸರಾದ ಊರು ಅದು. ಅಲ್ಲಿಂದ ತಂದ ಪೂಜೆಯ ಗಂಟೆಯೊಂದು ನಮ್ಮ ಮನೆಯಲ್ಲಿದೆ. ಅದರ ನಾದ ನಮ್ಮ ಕಿವಿಗೆ ಎಷ್ಟು ಬಳಕೆಯಾಗಿದೆಯೆಂದರೆ, ಒಮ್ಮೆ ನನ್ನ ಮಗಳು ಅದರ ಅಂಚಿಗೆ ಮೇಣದ ಉಂಡೆಯನ್ನು ಅಂಟಿಸಿಟ್ಟಿದ್ದಾಗ ಅಡಿಗೆಮನೆಯಲ್ಲಿದ್ದ ನನ್ನ ತಾಯಿ “ಗಂಟೆಗೆ ಏನೋ ಆಗಿದೆ” ಎಂದರು. ಅವರು ಮೇಣವನ್ನು ನೋಡಿರಲಿಲ್ಲ. ನಾದ ಕುಗ್ಗಿದ್ದನ್ನು ಕೇಳಿದ್ದರು. ಬೆಳಕಿನ ಸಂವೇದಕದಲ್ಲಿ ಗಂಟೆಯ ಸ್ಥಾನದಲ್ಲಿರುವುದು ಚಿನ್ನ. ಅತಿ ಸೂಕ್ಷ್ಮವಾದ ಚಿನ್ನದ ಕಣದ ಮೇಲೆ ಬೆಳಕು ಬಿದ್ದಾಗ ಅದರೊಳಗಿನ ಎಲೆಕ್ಟ್ರಾನುಗಳು ಒಟ್ಟಾಗಿ ತೂಗಾಡುತ್ತವೆ. ಆ ತೂಗಾಟಕ್ಕೆ ಹೊಂದುವ ಒಂದು ಬಣ್ಣದ ಬೆಳಕನ್ನು ಕಣ ನುಂಗಿಕೊಳ್ಳುತ್ತದೆ. ಚಿನ್ನದ ಮೈಗೆ ಏನಾದರೂ ಅಂಟಿತೋ, ನುಂಗುವ ಬಣ್ಣ ಕೂದಲೆಳೆಯಷ್ಟು ಸರಿಯುತ್ತದೆ. ಆ ಸರಿಯುವಿಕೆಯನ್ನು ಅಳೆದರೆ ಅಂಟಿದ್ದು ಗೊತ್ತಾಯಿತು.

ಆದರೆ ಅಂಟಿದ್ದು ಧೂಳೋ ವೈರಸ್ಸೋ? ಇದಕ್ಕಾಗಿ ಚಿನ್ನದ ಮೇಲೆ ಮೊದಲೇ ಒಂದು ಬಲೆಯನ್ನು ನೆಟ್ಟಿರುತ್ತಾರೆ. ಬೀಗಕ್ಕೆ ತಕ್ಕ ಕೀಲಿಯಂತೆ ನಿರ್ದಿಷ್ಟ ವೈರಸ್ಸನ್ನಷ್ಟೇ ಹಿಡಿಯುವ ಪ್ರತಿಕಾಯವೋ, ಅದರ ಆರ್‌ಎನ್‌ಎ ಎಳೆಗೆ ಜೊತೆಯಾಗುವ ಡಿಎನ್‌ಎ ತುಣುಕೋ ಆ ಬಲೆಯಾಗಬಹುದು. 2020ರ ಏಪ್ರಿಲಿನಲ್ಲಿ ಸ್ವಿಟ್ಸರ್ಲೆಂಡಿನ ಜ್ಯೂರಿಕ್ ನಗರದ ಜಿಂಗ್ ವಾಂಗ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಸಂವೇದಕ ಇಂಥದು. ಗಾಜಿನ ಮೇಲೆ ಚಿನ್ನದ ಪುಟ್ಟ ಪುಟ್ಟ ನಡುಗಡ್ಡೆಗಳು. ನಡುಗಡ್ಡೆ ಎಂಬ ಶಬ್ದವನ್ನು ಓದಿ, ನಡುಗಡ್ಡೆಯಲ್ಲೇ ವಾಸಿಸುವ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ! ಒಂದೊಂದು ನಡುಗಡ್ಡೆಯ ಮೇಲೂ ಡಿಎನ್‌ಎ ತುಣುಕುಗಳು. ಜೊತೆಗೊಂದು ಜಾಣತನ: ಬೆಳಕಿನಿಂದಲೇ ಆ ಚಿನ್ನವನ್ನು ಹದವಾಗಿ ಬಿಸಿ ಮಾಡುತ್ತಾರೆ. ಅರೆಬರೆ ಹೊಂದಿ ಅಂಟಿಕೊಂಡ ಎಳೆಗಳು ಬಿಸಿಗೆ ಬಿಟ್ಟುಹೋಗುತ್ತವೆ. ಪೂರ್ತಿ ಹೊಂದಿದ್ದು ಮಾತ್ರ ಉಳಿಯುತ್ತದೆ. 2003ರ ಸಾರ್ಸ್ ವೈರಸ್ಸನ್ನೂ ಅದರ ದಾಯಾದಿಯಾದ ಕೋವಿಡ್ ವೈರಸ್ಸನ್ನೂ ಅದು ಬೇರ್ಪಡಿಸಿ ಗುರುತಿಸಿತು. ಅವರ ತಂಡ ಮೊದಲಿನಿಂದ ಕೆಲಸ ಮಾಡುತ್ತಿದ್ದುದು ಗಾಳಿಯ ಮಾಲಿನ್ಯದ ಮೇಲೆ. ಜನ ಕಿಕ್ಕಿರಿಯುವ ರೈಲು ನಿಲ್ದಾಣದಂಥ ಕಡೆಗಳಲ್ಲಿ ಮುಂದೆ ಇದನ್ನು ಇಡಬಹುದೆಂಬ ಆಸೆ ಅವರದು. ಆದರೆ ಪ್ರಯೋಗ ನಡೆದದ್ದು ಪ್ರಯೋಗಾಲಯದೊಳಗೆ. ಗಾಳಿಯಿಂದ ವೈರಸ್ಸನ್ನು ಹಿಡಿದು, ಅದರ ಚಿಪ್ಪೊಡೆದು, ಒಳಗಿನ ಎಳೆಯನ್ನು ಹೊರತೆಗೆಯುವ ಕೆಲಸವನ್ನು ಅದು ತಾನಾಗಿ ಮಾಡುತ್ತಿರಲಿಲ್ಲ.

ಚಿನ್ನ, ಬೆಳಕು ಎಂದೊಡನೆ ಇದು ಶ್ರೀಮಂತರ ವಿದ್ಯೆಯೆಂದು ಗೃಹಿಣಿಯರು ತಿಳಿಯಬೇಕಾಗಿಲ್ಲ. ಮದ್ದಿನಂಗಡಿಯಿಂದ ತಂದು ಮನೆಯಲ್ಲೇ ಮಾಡಿಕೊಳ್ಳುತ್ತಿದ್ದ ಪರೀಕ್ಷೆಯ ಪಟ್ಟಿಯಲ್ಲಿ ಹದಿನೈದು ಇಪ್ಪತ್ತು ನಿಮಿಷಕ್ಕೆ ಮೂಡುವ ಕೆಂಪು ಗೆರೆ ಹಲವು ಪಟ್ಟಿಗಳಲ್ಲಿ ಚಿನ್ನದ ಕಣಗಳದೇ. ಅಷ್ಟು ಸಣ್ಣದಾದಾಗ ಚಿನ್ನ ಹಳದಿಯ ಬದಲು ಮಾಣಿಕ್ಯದ ಬಣ್ಣ ತಳೆಯುತ್ತದೆ. ಅಲ್ಲಿ ಗೆರೆಯನ್ನು ಓದುವ ಯಂತ್ರ ನಮ್ಮ ಕಣ್ಣು. ನನ್ನ ತಮ್ಮ ದಿನಗಟ್ಟಲೆ ಕಾದ ಆ ಪ್ರಯೋಗಾಲಯದ ಪರೀಕ್ಷೆಯೂ ಕೊನೆಗೆ ಬೆಳಕಿನಿಂದಲೇ ತೀರ್ಮಾನವಾಗುವಂಥದು. ಎಳೆಗಳು ಇಮ್ಮಡಿ ಇಮ್ಮಡಿಯಾದಂತೆ ಪ್ರತಿದೀಪ್ತಿ ಏರುವುದನ್ನು ಯಂತ್ರ ನೋಡುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಟಿ. ಗೋವಿಂದರಾಜು ಅವರ ತಂಡ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೊಡನೆ ಸೇರಿ ಇಂಥ ಪ್ರತಿದೀಪ್ತಿಯ ಹೊಸ ಕ್ರಮವೊಂದನ್ನು 2021ರಲ್ಲಿ ಮುಂದಿಟ್ಟಿತು. 1933ರಲ್ಲಿ ಆ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದು ಇಲ್ಲಿಯೇ ನೆಲೆಸಿದ ಸಿ.ವಿ. ರಾಮನ್ನರು 1928ರಲ್ಲಿ ಕಂಡುಹಿಡಿದ ಪರಿಣಾಮ ಕೂಡ ಇಂದು ಈ ಕೆಲಸಕ್ಕೆ ಬಂದಿದೆ. ಅಣುಗಳಿಂದ ಚೆದುರಿದ ಬೆಳಕು ಅವುಗಳ ಗುರುತನ್ನು ಹೊತ್ತು ಬರುತ್ತದಷ್ಟೆ. ಒರಟಾದ ಬೆಳ್ಳಿ ಬಂಗಾರಗಳ ಮೇಲೆ ಆ ಗುರುತು ಬಹುಪಾಲು ಹೆಚ್ಚುವುದರಿಂದ ವೈರಸ್ಸುಗಳನ್ನು ಹಾಗೆ ಓದುವ ಪ್ರಯತ್ನಗಳು ಹಲವು ದೇಶಗಳಲ್ಲಿ ನಡೆದಿವೆ.

ಇಷ್ಟೆಲ್ಲ ಇದ್ದೂ ತೊಡಕಿರುವುದು ಗಾಳಿಯಲ್ಲೇ. ರೋಗಿಯ ಮೂಗಿನಲ್ಲಿ ವೈರಸ್ಸಿನ ಸಂತೆ ನೆರೆದಿರುತ್ತದೆ. ಕೋಣೆಯ ಗಾಳಿಯಲ್ಲಿ ಅದು ಸಂತೆ ಮುಗಿದ ಮೇಲಿನ ಮೈದಾನದಂತೆ, ಅಲ್ಲೊಂದು ಇಲ್ಲೊಂದು. ಅಮೆರಿಕದ ಸೇಂಟ್ ಲೂಯಿಸಿನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಯಂತ್ರ ಈ ತೊಡಕಿಗೆ ತಕ್ಕಮಟ್ಟಿನ ಉತ್ತರ ಕೊಟ್ಟಿತು. ಅದು ನಿಮಿಷಕ್ಕೆ 1000 ಲೀಟರು ಗಾಳಿಯನ್ನು ಹೀರಿ, ಮಜ್ಜಿಗೆ ಕಡೆದಂತೆ ಸುತ್ತಿಸಿ, ಕಣಗಳನ್ನು ಒಂದಿಷ್ಟು ದ್ರವಕ್ಕೆ ಬೀಳಿಸುತ್ತದೆ; ಐದು ನಿಮಿಷಕ್ಕೆ ಉತ್ತರ. ನಾವು ಸುಮ್ಮನೆ ಕುಳಿತು ಹತ್ತು ಗಂಟೆ ಉಸಿರಾಡುವಷ್ಟು ಗಾಳಿಯನ್ನು ಅದು ಐದು ನಿಮಿಷದಲ್ಲಿ ಶೋಧಿಸುತ್ತದೆಂದರೆ ಅದರ ಹಸಿವನ್ನು ಊಹಿಸಿರಿ. ಆದರೆ ಅಲ್ಲಿ ವೈರಸ್ಸನ್ನು ಗುರುತಿಸುವುದು ಬೆಳಕಲ್ಲ, ವಿದ್ಯುತ್ತು. ಆ ಬಗೆಯ ಸುಳಿಗಾಳಿಯ ಬಾಯಿಗೆ ಬೆಳಕಿನ ಕಣ್ಣನ್ನು ಜೋಡಿಸುವುದು ಉಳಿದಿರುವ ಕೆಲಸ.

ಸಾಕ್ಷಿ ದೊರೆತ ಮಾತ್ರಕ್ಕೆ ನ್ಯಾಯ ದೊರೆಯಿತೆ? ಸೇಂಟ್ ಲೂಯಿಸಿನ ಆ ಯಂತ್ರ ವೈರಸ್ಸಿದ್ದಾಗ ಇದೆಯೆಂದು ಹೇಳುವುದು ನೂರಕ್ಕೆ 77ರಿಂದ 83 ಸಲ. ಮಿಕ್ಕ ಸಲ ಅದು ಮೌನ. ಇನ್ನು ಸುಳ್ಳು ಕೂಗಿನ ಭಯ. ವೈರಮುಡಿಯ ರಾತ್ರಿ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಬೀದಿಗಳಲ್ಲಿ ಭುಜಕ್ಕೆ ಭುಜ ತಾಗುವಂತೆ ಜನ ನೆರೆದಿರುವಾಗ ಯಂತ್ರವೊಂದು ತಪ್ಪಾಗಿ ಕೂಗಿದರೆ, ರೋಗ ಮಾಡಬಹುದಾದ ಅನಾಹುತವನ್ನು ಕಾಲ್ತುಳಿತವೇ ಮಾಡೀತು. ಅಂಟಿದ ವೈರಸ್ ಜೀವಂತವೋ ಸತ್ತದ್ದೋ ಎಂಬುದನ್ನಂತೂ ಚಿನ್ನ ಹೇಳಲಾರದು. ಮತ್ತೊಂದು ಸಂಗತಿ: ಒಂದು ಬಲೆ ಒಂದು ವೈರಸ್ಸಿಗೆ. ನಾಳೆ ಬರುವ ಹೆಸರಿಲ್ಲದ ಹೊಸ ವೈರಸ್ಸಿಗೆ ಇಂದೇ ಬಲೆ ಹೆಣೆಯುವುದು ಹೇಗೆ? ಈ ಪ್ರಶ್ನೆಗಳಿಂದಾಗಿ ವಿಜ್ಞಾನಿಗಳ ಮೇಲಿನ ನನ್ನ ಗೌರವ ಕಡಿಮೆಯಾಗಿಲ್ಲ. ಪತ್ರಿಕೆಯಲ್ಲಿ ಬರುವ “ಕ್ಷಣಾರ್ಧದಲ್ಲಿ ವೈರಸ್ ಪತ್ತೆ” ಎಂಬ ಶಿರೋನಾಮೆಗಳ ಮೇಲಿನ ನಂಬಿಕೆ ಮಾತ್ರ ಸ್ವಲ್ಪ ಸಡಿಲಿದೆ.

ಇಷ್ಟು ಓದಿದ ಮೇಲೆ ಪಾಂಡವಪುರದ ನನ್ನ ಸಹೋದ್ಯೋಗಿ, ಭೌತಶಾಸ್ತ್ರದ ಅಧ್ಯಾಪಕರನ್ನು ಕೇಳಿದೆ: “ಸ್ವಾಮಿ, ಆ ಚಿನ್ನದ ಯಂತ್ರ ಬರುವ ತನಕ ನಾವೇನು ಮಾಡೋಣ?” ಅವರು ಮಾತಾಡದೆ ಮರುದಿನ ಒಂದು ಪುಟ್ಟ ಪೆಟ್ಟಿಗೆಯನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಇಂಗಾಲದ ಡೈಆಕ್ಸೈಡನ್ನು ಅಳೆಯುವ ಯಂತ್ರವಂತೆ. ಅದೂ ಬೆಳಕಿನ ಸಂವೇದಕವೇ: ಕಣ್ಣಿಗೆ ಕಾಣದ ಅವರೋಹಿತ ಕಿರಣವನ್ನು ಒಂದು ತುದಿಯಿಂದ ಹಾಯಿಸಿದರೆ ಆ ಅನಿಲ ಅದರಲ್ಲೊಂದು ಭಾಗವನ್ನು ನುಂಗುತ್ತದೆ, ಇನ್ನೊಂದು ತುದಿಯಲ್ಲಿ ಎಷ್ಟು ಕಡಿಮೆಯಾಯಿತೆಂದು ಲೆಕ್ಕ. ಅದಕ್ಕೆ ವೈರಸ್ಸಿನ ಗಂಧವೂ ಇಲ್ಲ. ಆದರೆ ಕೋಣೆಯಲ್ಲಿ ಎಷ್ಟು ಪಾಲು ಗಾಳಿ ಈಗಾಗಲೇ ಇನ್ನೊಬ್ಬರ ಎದೆಯನ್ನು ಹೊಕ್ಕು ಬಂದದ್ದು ಎಂಬುದನ್ನು ಅದು ಹೇಳಬಲ್ಲದು. ಬಯಲಿನ ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷಕ್ಕೆ 420 ಭಾಗಕ್ಕಿಂತ ತುಸು ಹೆಚ್ಚು. ಅದಕ್ಕೆ ಮೇಲ್ಪಟ್ಟದ್ದೆಲ್ಲ, ಒಲೆ ಉರಿಯದ ಕೋಣೆಯಲ್ಲಿ, ನಮ್ಮ ಉಸಿರಿನದೇ.

ಅಂದು ಮಧ್ಯಾಹ್ನ ಮಳೆ. ಎಪ್ಪತ್ತು ವಿದ್ಯಾರ್ಥಿಗಳು, ಎಂಟು ಕಿಟಕಿಗಳು, ಎಂಟೂ ಮುಚ್ಚಿದ್ದವು. ನಾನು ಹಳಗನ್ನಡದ ಒಂದು ಸಂಧಿಯನ್ನು ಬಿಡಿಸುತ್ತಿದ್ದಂತೆ ಮೇಜಿನ ಮೇಲಿನ ಅಂಕಿ ಏರುತ್ತಲೇ ಇತ್ತು. ಅರ್ಧ ಗಂಟೆಯೊಳಗೆ ಎರಡು ಸಾವಿರವನ್ನು ಮುಟ್ಟಿತು. ಹಿಂದಿನ ಬೆಂಚಿನವರು ತೂಕಡಿಸುವುದು ಪಾಠದ ದೋಷವೆಂದು ನಾನು ಇಷ್ಟು ವರ್ಷ ಸಂಕಟಪಡುತ್ತಿದ್ದೆ! ಮಳೆ ನಿಂತೊಡನೆ ಕಿಟಕಿಗಳನ್ನು ತೆಗೆಸಿದೆ. ಕಾಲು ಗಂಟೆಯಲ್ಲಿ ಅಂಕಿ ಏಳುನೂರಕ್ಕೆ ಇಳಿಯಿತು. ಇಳಿಯಿತೆಂದು ಹುಡುಗರಿಗೆ ತೋರಿಸುವಷ್ಟರಲ್ಲಿ ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ಎದ್ದು ನಿಂತಳು: “ಸಾರ್, ಸೊಳ್ಳೆ ಬರ್ತಾ ಇದಾವೆ. ಹಾಕ್ಲಾ?”

ಗಾಳಿಗೆ ಶಿಕ್ಷೆ ಕೊಡಿಸಿದ ಸೊಳ್ಳೆ ಇನ್ನೂ ಊರು ಬಿಟ್ಟಿಲ್ಲ. ಮುಚ್ಚಿದರೆ ಉಸಿರಿನ ರೋಗ, ತೆರೆದರೆ ಡೆಂಗಿ. ತಮ್ಮನಿಗೆ ಅಂದು ನಾನು ಹೇಳಿದ ಮಾತೇ ನಾಲಿಗೆಯ ತುದಿಗೆ ಬಂತು, ಹೇಳಲಿಲ್ಲ. ಅವಳನ್ನು ಕುಳ್ಳಿರಿಸಿ, ಪಂಖವನ್ನು ಜೋರು ಮಾಡಿಸಿ, ತರಗತಿ ಮುಗಿದ ಮೇಲೆ ನೇರವಾಗಿ ಪ್ರಾಂಶುಪಾಲರ ಕೋಣೆಗೆ ಹೋದೆ. ಎಂಟು ಕಿಟಕಿಗಳಿಗೆ ಸೊಳ್ಳೆಯ ಜಾಲರಿ ಹಾಕಿಸಲು ಎಷ್ಟಾಗಬಹುದೆಂದು ಅವರು ಕೇಳಿದರು. ನನಗೆ ಗೊತ್ತಿರಲಿಲ್ಲ.

ಕಳೆದ ವಾರ ಕೆ.ಆರ್. ಪೇಟೆಗೆ ಹೋದಾಗ ತಮ್ಮನಿಗೆ ಈ ಕಥೆಯನ್ನು ಹೇಳಿದೆ. ಅವನೀಗ ಅಲ್ಲೊಂದು ಟೀ ಅಂಗಡಿ ಇಟ್ಟಿದ್ದಾನೆ; ನಾಲ್ಕು ಕಂಬ, ಮೇಲೆ ತಗಡು, ಗೋಡೆಯೇ ಇಲ್ಲ. ಹಾಲಿನ ಪಾತ್ರೆಯನ್ನು ಗ್ಯಾಸಿನ ಒಲೆಯ ಮೇಲಿಡುತ್ತ ನಕ್ಕು, “ಜಾಲರಿ ಹಾಕೋ ಬಡಗಿ ನಮ್ಮೂರಲ್ಲೇ ಒಬ್ಬ ಅವ್ನೆ ಅಣ್ಣಯ್ಯ, ಕಳುಸ್ತೀನಿ” ಎಂದ. ಬಡಗಿ ಮೊನ್ನೆ ಕಾಲೇಜಿಗೆ ಬಂದು ಎಂಟು ಕಿಟಕಿಗಳ ಅಳತೆಯನ್ನೂ ಗುರುತು ಹಾಕಿಕೊಂಡು ಹೋಗಿದ್ದಾನೆ. ಸಂಜೆ ನಮ್ಮ ಮನೆಗೂ ಬರುವವನಿದ್ದಾನೆ. ತಾಯಿಯವರಿಗೆ ಇನ್ನೂ ತಿಳಿಸಿಲ್ಲ.